ನಾನು ಬರೆದ ಜೂನ್ ಒಂದು

ಅವರು ಬಂದದ್ದು 2023ರ ಏಪ್ರಿಲ್‌ನಲ್ಲಿ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಪಹಣಿ, ರೇಷನ್ ಕಾರ್ಡು, ಮನೆಯವರೆಲ್ಲರ ಆಧಾರ್, ಗಂಡನ ಮರಣ ಪ್ರಮಾಣ ಪತ್ರ. ಎಲ್ಲವನ್ನೂ ನಮ್ಮ ಮನೆ ಜಗುಲಿಯ ಮೇಲೆ ಒಂದೊಂದಾಗಿ ಹರಡಿದರು.

"ಅಕ್ಕೋರೆ, ಸೊಸೈಟಿಯಲ್ಲಿ ಬೆಳೆ ವಿಮೆ ತುಂಬಿಸ್ಕೊಳ್ಳೋದಿಲ್ಲ ಅಂದ್ರು. ಪಹಣಿ ಇನ್ನೂ ಮಾವನ ಹೆಸರಲ್ಲೇ ಇದೆಯಂತೆ. ಮಾವ ಹೋಗಿ ಎಷ್ಟು ಕಾಲ ಆಯ್ತು!"

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾಗಿ ಶಿರಸಿಯಲ್ಲಿ ಮನೆ ಮಾಡಿದ ಮೇಲೂ ನನಗೆ ಅದೇ ಹೆಸರು. ಇವರದು ಪಕ್ಕದ ತಾಲೂಕಿನ ಒಂದು ಹಳ್ಳಿ. ಅಲ್ಲಿಯ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಇದ್ದೆ. ಅವರ ಮಗಳಿಗೂ ಮಗನಿಗೂ ಅಕ್ಷರ ಕಲಿಸಿದ್ದೇನೆ. ಆ ಸಲುಗೆಯಿಂದ ಬಸ್ಸು ಹತ್ತಿ ಬಂದಿದ್ದರು.

ಜಾಗ ಜಾಸ್ತಿ ಏನಲ್ಲ. ಒಂದು ಎಕರೆ, ನಾಲ್ಕು ಗುಂಟೆ, ಎಂಟು ಆಣೆ. ಮಾವ ಗೇಣಿಗೆ ಮಾಡುತ್ತಿದ್ದ ತೋಟ. 1974ರಲ್ಲಿ ಭೂ ಸುಧಾರಣೆ ಕಾನೂನಿಗೆ ತಿದ್ದುಪಡಿ ಬಂದಾಗ ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯ ಮಂಡಳಿಯ ಮುಂದೆ ನಿಂತು ತಮ್ಮದು ಮಾಡಿಕೊಂಡದ್ದು. ಓದು ಬರಹ ಬಾರದ ಆ ಮನುಷ್ಯ ಅಷ್ಟು ಓಡಾಡಿ ಒಂದು ಕಾಗದ ಸಂಪಾದಿಸಿದ್ದರು. ಅವರು ಹೋದ ಮೇಲೆ ಆ ಕಾಗದವನ್ನು ಮುಂದಿನವರ ಹೆಸರಿಗೆ ಮಾಡಿಸಬೇಕು ಅಂತ ಯಾರಿಗೂ ತೋಚಲಿಲ್ಲ. ತೋಟ ಹೇಗೂ ಮನೆಯವರ ಕೈಯಲ್ಲೇ ಇತ್ತಲ್ಲ. ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ದರು, ಅಡಿಕೆ ಸುಲಿದರು, ಮಾರಿದರು. ಹಾಗೇ ಮೂವತ್ತೆಂಟು ವರ್ಷ ಕಳೆಯಿತು.

ಆ ದಿನ ಮೊದಲು ಮಾಡಿದ ಕೆಲಸ ಅಂದ್ರೆ ಅವರಿಗೆ ಪಹಣಿ ಓದಿ ಹೇಳಿದ್ದು. ಅವರ ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಪಹಣಿ ತೆಗೆಸುತ್ತಾರೆ. ಸಾಲಕ್ಕೆ, ಸಬ್ಸಿಡಿಗೆ, ಔಷಧಿ ಹೊಡೆಯುವ ಪಂಪಿಗೆ. ತೆಗೆಸಿ ಕೊಡುತ್ತಾರೆ ಅಷ್ಟೇ. ಅದರಲ್ಲಿ ಏನಿದೆ ಅಂತ ಒಮ್ಮೆಯೂ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಒಂಬತ್ತನೇ ಕಲಮಿನಲ್ಲಿ ಯಾರ ಹೆಸರಿದೆ, ಜಾಗ ಅವರಿಗೆ ಹೇಗೆ ಬಂತು ಅಂತ ಹತ್ತನೇ ಕಲಮು ಏನು ಹೇಳುತ್ತದೆ, ಹನ್ನೊಂದರಲ್ಲಿ ಸೊಸೈಟಿ ಸಾಲ ಎಷ್ಟು ಕೂತಿದೆ, ಹನ್ನೆರಡರಲ್ಲಿ ಯಾವ ಬೆಳೆ ಬರೆದಿದ್ದಾರೆ, ಎಲ್ಲ ಬೆರಳಿಟ್ಟು ತೋರಿಸಿದೆ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ ಅನ್ನೋದು ಅವರಿಗೆ ಗೊತ್ತಿತ್ತು. ಆದರೆ ಕಾಗದದ ಮೇಲಿನ ಅಂಕಿ ಅದೇ ಅಂತ ಗೊತ್ತಿರಲಿಲ್ಲ. ತುಂಬ ಹೊತ್ತು ಆ ಹಾಳೆ ನೋಡುತ್ತಾ ಕೂತರು.

ಪಹಣಿ ಕಂಪ್ಯೂಟರಿಗೆ ಬಂದದ್ದು ದೊಡ್ಡ ಉಪಕಾರ. ಅದರಲ್ಲಿ ನನಗೆ ಸಂಶಯವಿಲ್ಲ. ಕೈಬರಹದ ಪಹಣಿಗೆ ಶಾನುಭೋಗರ ಮನೆ ಬಾಗಿಲು ಕಾಯುತ್ತಿದ್ದ ದಿನ ನೋಡಿದ್ದೇನೆ. ಭೂಮಿ ಯೋಜನೆ ಬಂದ ಮೇಲೆ ಹದಿನೈದು ರೂಪಾಯಿ ಕೊಟ್ಟರೆ ಕೈಗೆ ಸಿಗುವಂತಾಯಿತು. ಆದರೆ ಸಿಗೋದು ಬೇರೆ, ತಿಳಿಯೋದು ಬೇರೆ ಅಲ್ವಾ? ಕಾಗದ ಕೊಡುವ ಕಿಟಕಿ ಪ್ರತಿ ಊರಲ್ಲೂ ಆಗಿದೆ. ಓದಿ ಹೇಳುವ ಒಂದು ಬೆಂಚು ಎಲ್ಲೂ ಇಲ್ಲ.

ಮಾವನ ಹೆಸರಿಂದ ಇವರ ಹೆಸರಿಗೆ ಬರಬೇಕಾದರೆ ಪೌತಿ ಖಾತೆ ಆಗಬೇಕು. ವಾರಸಾ ಅಂತಲೂ ಹೇಳುತ್ತಾರೆ. ಅದಕ್ಕೆ ವಂಶವೃಕ್ಷ ಬೇಕು, ಮಾವನ ಹೆಣ್ಣುಮಕ್ಕಳ ಹೆಸರೂ ಸೇರಿ. ಗಂಡ ಹಿಂದಿನ ವರ್ಷ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರಿಂದ ಅವರ ಪ್ರಮಾಣ ಪತ್ರ ಚೀಲದಲ್ಲೇ ಇತ್ತು. ಮಾವನದು ಇಲ್ಲ. ಅಲ್ಲಿಗೆ ಎಲ್ಲ ನಿಂತಿತು.

"ಯಾವ ವರ್ಷ ಹೋದದ್ದು?" ಅಂತ ಕೇಳಿದೆ.

"ಇಂದಿರಾ ಗಾಂಧಿ ಸತ್ತ ಮರುವರ್ಷ. ಕೊನೆ ಕೊಯ್ಲು ನಡೀತಿತ್ತು. ಮಗನಿಗೆ ಆಗ ನಾಲ್ಕು ತಿಂಗಳು, ತೊಟ್ಟಿಲಲ್ಲಿದ್ದ."

ನಾನು ಮಗನ ಆಧಾರ್ ಎತ್ತಿಕೊಂಡೆ. ಹುಟ್ಟಿದ ತಾರೀಖು 1984ರ ಜೂನ್ 1. ಲೆಕ್ಕ ಹಾಕಿದೆ. ನಾಲ್ಕು ತಿಂಗಳು ಅಂದ್ರೆ ಅಕ್ಟೋಬರ್. ಐದಾರು ಅಂತಿಟ್ಟುಕೊಂಡರೆ ನವೆಂಬರ್, ಡಿಸೆಂಬರ್. ಕೊಯ್ಲಿಗೂ ಸರಿ ಹೋಯಿತು. ಇಂದಿರಾ ಗಾಂಧಿ ಹೋದದ್ದು 1984ರ ಅಕ್ಟೋಬರ್ 31ಕ್ಕೆ. "ಮರುವರ್ಷ ಅಲ್ಲ ತಂಗಿ, ಅದೇ ವರ್ಷ" ಅಂದೆ. ಅವರು ಸುಮ್ಮನಾದರು. ಅಕ್ಕೋರು ಹೇಳಿದ ಮೇಲೆ ಮುಗಿಯಿತು.

ಹುಟ್ಟು ಸಾವಿನ ನೋಂದಣಿಗೆ 1969ರ ಕಾನೂನು ಇದೆ. ಅದರ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರಿನಲ್ಲಿ ಹುಡುಕಿಸಬಹುದು, ಸಾವಿನ ನಮೂದಿನ ನಕಲು ಕೇಳಬಹುದು. ಹಳ್ಳಿಯಲ್ಲಿ ಆ ರಿಜಿಸ್ಟರ್ ಬರೆಯುತ್ತಿದ್ದವರು ಗ್ರಾಮ ಲೆಕ್ಕಿಗರು, ಜನರ ಬಾಯಲ್ಲಿ ಶಾನುಭೋಗರು. ಹಳೆಯ ಪುಸ್ತಕಗಳು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಅರ್ಜಿಯಲ್ಲಿ 1984 ಅಂತ ಬರೆದು ಕೊಟ್ಟೆವು. ಸ್ವೀಕೃತಿ ಕೇಳಿದಾಗ "ನಾಡಿದ್ದು ಬನ್ನಿ, ಹುಡುಕಿಡ್ತೇವೆ" ಅಂದರು. ನಾಡಿದ್ದು ಹೋದೆವು. ಸೋಮವಾರ ಅಂದರು. ಸೋಮವಾರ ಹೋದರೆ ನೋಡಿಕೊಳ್ಳುವವರು ರಜೆಯಲ್ಲಿದ್ದರು. ಮೂರನೇ ವಾರಕ್ಕೆ ಅರ್ಜಿಯೇ ಸಿಗಲಿಲ್ಲ.

ಸಣ್ಣ ಊರಿನ ಕಚೇರಿಯಲ್ಲಿ ಒಂದು ಸಂಕೋಚ ಇರುತ್ತದೆ. ಎದುರು ಕೂತವರು ಯಾರದೋ ಭಾವ, ಯಾರದೋ ಪರಿಚಯ. ರಶೀದಿ ಕೊಡಿ ಅಂದರೆ ನಂಬಿಕೆ ಇಲ್ಲವಾ ಅಂದುಕೊಳ್ಳುತ್ತಾರೆ ಅಂತ ನಾವೇ ಹಿಂಜರಿಯುತ್ತೇವೆ. ನಾನೂ ಹಿಂಜರಿದೆ. ಅದರ ಬೆಲೆ ತೆತ್ತವರು ಇವರು. ಒಂದು ಸಲ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. ಬಸ್ ಚಾರ್ಜು ಬೇರೆ (ಹೆಂಗಸರಿಗೆ ಬಸ್ಸು ಉಚಿತ ಆದದ್ದು ಆ ವರ್ಷದ ಜೂನ್ ತಿಂಗಳಲ್ಲಿ). ಎರಡನೇ ಸಲ ಅರ್ಜಿ ಕೊಡುವಾಗ ನಂಬರು ಬರುವ ತನಕ ಕಿಟಕಿ ಬಿಟ್ಟು ಕದಲಲಿಲ್ಲ. 2012ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ ಸಕಾಲ ಇದೆ. ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ ಹದಿನೈದು ಅಂಕಿಯ ಒಂದು ನಂಬರು ಕೊಡಲೇಬೇಕು. ಅಲ್ಲಿಂದ ದಿನ ಎಣಿಕೆ ಶುರು. ತಡವಾದರೆ ದಿನಕ್ಕೆ 20 ರೂಪಾಯಿ ಲೆಕ್ಕದಲ್ಲಿ 500 ರೂಪಾಯಿ ತನಕ ಪರಿಹಾರ ಕೇಳಬಹುದು. ಹಣ ಮುಖ್ಯವಲ್ಲ. ಆ ನಂಬರು ಕೈಯಲ್ಲಿದ್ದರೆ ನಾವು ಬಂದು ಹೋದದ್ದಕ್ಕೆ ಸಾಕ್ಷಿ ಇರುತ್ತದೆ. ಇವರು ಅದನ್ನು ಮಗನಿಂದ ಮೊಬೈಲಿನಲ್ಲಿ ಫೋಟೋ ಹೊಡೆಸಿಕೊಂಡರು. ಅಷ್ಟು ಸಾಲದು ಅಂತ ದೇವರ ಕೋಣೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಸಿಟ್ಟರು.

ಈ ಸಲ ಅವಧಿಯೊಳಗೇ ಉತ್ತರ ಬಂತು. ಹಿಂಬರಹ. 1984ನೇ ಸಾಲಿನ ರಿಜಿಸ್ಟರಿನಲ್ಲಿ ಆ ಹೆಸರಿನ ನಮೂದು ಇಲ್ಲ ಅಂತ.

ಅಂದರೆ ಸಾವು ನೋಂದಣಿಯೇ ಆಗಿಲ್ಲ ಅಂತ ತಿಳಿದೆವು. ಒಂದು ವರ್ಷ ದಾಟಿದ ಸಾವನ್ನು ತಡವಾಗಿ ಬರೆಸಬೇಕಾದರೆ ಆಗ ಕೋರ್ಟಿನ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಯಂಥವರಿಗೆ ಬಂದಿದೆ. ನಾವು ಅದಕ್ಕಿಂತ ಮೊದಲೇ ಸಿಕ್ಕಿಕೊಂಡಿದ್ದೆವು. ವಕೀಲರನ್ನು ಕಂಡು ಬಂದೆವು. ಇವರಿಗೆ ದುಃಖಕ್ಕಿಂತ ಸಿಟ್ಟು ಜಾಸ್ತಿ. "ನಮ್ಮವರು ಬರೆಸಲೇ ಇಲ್ಲ ನೋಡಿ. ಹೋಗಿ ಬಂದೆ ಅಂದಿದ್ರು. ಸುಳ್ಳು ಹೇಳಿದ್ರು" ಅಂತ ತೀರಿಹೋದ ಗಂಡನನ್ನು ಬೈದುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಕಣ್ಣೀರು ಒರೆಸಿಕೊಂಡದ್ದು ನನಗೆ ಕಂಡಿತು.

ಜುಲೈ ಕೊನೆಯಲ್ಲಿ ಮಳೆ ಹೊಡೆಯುತ್ತಿದ್ದ ದಿನ ವಕೀಲರ ಕಾಗದಕ್ಕೆ ಹೆಬ್ಬೆಟ್ಟು ಹಾಕಲು ಬಂದಿದ್ದರು. ಚಹಾ ಕೊಟ್ಟು, "ಶ್ರಾವಣ ಬಂತಲ್ಲ, ಪಂಚಮಿಗೆ ಮಗಳು ಬರ್ತಾಳಾ?" ಅಂತ ಕೇಳಿದೆ.

"ಇದು ಅಧಿಕ ಅಲ್ವಾ ಅಕ್ಕೋರೆ. ಪಂಚಮಿ ಮುಂದಿನ ತಿಂಗಳು. ಮಗ ಹುಟ್ಟಿದ ವರ್ಷವೂ ಹೀಗೇ, ಶ್ರಾವಣ ಎರಡಿತ್ತು. ಹಬ್ಬ ಬರ್ಲಿ ಬರ್ಲಿ ಅಂತ ಹೊಟ್ಟೆ ಹೊತ್ತುಕೊಂಡು ಕಾದದ್ದೇ ಕಾದದ್ದು. ಕಡೆಗೆ ಪಂಚಮಿ ಮರುದಿನ ಹುಟ್ಟಿದ."

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಪಂಚಾಂಗ ಬಲ್ಲವರಿಗೆ ಇದು ಗೊತ್ತು. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿ ತಾರೀಖು ಹೆಚ್ಚು ಕಡಿಮೆ ಹಳೆಯ ಜಾಗಕ್ಕೇ ಬಂದು ಕೂರುತ್ತವೆ. 2023ರಲ್ಲಿ ಅಧಿಕ ಶ್ರಾವಣ. ಹಿಂದೆ 2004ರಲ್ಲಿ. ಅದರ ಹಿಂದೆ 1985ರಲ್ಲಿ. ಪಕ್ಕದ ಮನೆಯ ಭಟ್ಟರು ಹಳೆಯ ಪಂಚಾಂಗ ಒಂದನ್ನೂ ಎಸೆದವರಲ್ಲ. ಛತ್ರಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಅಟ್ಟದಿಂದ ಇಳಿಸಿ ನೋಡಿ ಹೇಳಿದರು. 1984ರಲ್ಲಿ ಅಧಿಕ ಮಾಸವೇ ಇಲ್ಲ. 1985ರಲ್ಲಿ ಇದೆ, ಶ್ರಾವಣವೇ.

ಆಗಸ್ಟಿನಲ್ಲಿ ಹುಟ್ಟಿದ ಮಗು. ನಾಲ್ಕು ತಿಂಗಳಿಗೆ ಡಿಸೆಂಬರ್. ಕೊನೆ ಕೊಯ್ಲು. ಇಂದಿರಾ ಗಾಂಧಿ ಸತ್ತ ಮರುವರ್ಷ. ಅವರು ಮೊದಲ ದಿನವೇ ಒಂದು ಅಕ್ಷರ ತಪ್ಪಿಲ್ಲದೆ ಹೇಳಿದ್ದರು.

ಹಾಗಾದರೆ 1984ರ ಜೂನ್ 1 ಎಲ್ಲಿಂದ ಬಂತು? ನನ್ನ ಕೈಯಿಂದ ಬಂತು.

ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಾವು ಶಾಲೆಯಲ್ಲಿದ್ದ ಕಾಲದಲ್ಲಿ ಹೆರಿಗೆ ಹೆಚ್ಚಾಗಿ ಮನೆಯಲ್ಲೇ. ಜನನ ಪ್ರಮಾಣ ಪತ್ರ ತರುವ ಮಕ್ಕಳು ನೂರಕ್ಕೆ ನಾಲ್ಕೈದು ಇರಲಿಕ್ಕಿಲ್ಲ. ಜೂನ್‌ನಲ್ಲಿ ಶಾಲೆ ಶುರು. ಒಂದನೇ ತರಗತಿಗೆ ಸೇರಿಸಲು ಜೂನ್ ಒಂದಕ್ಕೆ ಇಷ್ಟು ವಯಸ್ಸು ತುಂಬಿರಬೇಕು ಅಂತ ನಿಯಮ. ಅಪ್ಪ ಮಗುವಿನ ಕೈ ಹಿಡಿದು ತಂದು ನಿಲ್ಲಿಸುತ್ತಿದ್ದ. ನಟ್ಟಿ ಸಮಯ, ಅವನಿಗೆ ಗದ್ದೆಗೆ ಓಡುವ ಅವಸರ. ತಾರೀಖು ಕೇಳಿದರೆ "ನೀವೇ ಸರಿ ಮಾಡಿ ಬರ್ಕೊಳ್ಳಿ ಅಕ್ಕೋರೆ" ಅನ್ನುತ್ತಿದ್ದ. ನಾವು ಮಗುವಿನ ಎತ್ತರ ನೋಡಿ, ನಿಯಮಕ್ಕೆ ಸರಿ ಹೊಂದುವ ವರ್ಷ ಹಾಕಿ, ಜೂನ್ 1 ಅಂತ ಬರೆಯುತ್ತಿದ್ದೆವು. ಈ ಹುಡುಗನನ್ನು ಅಕ್ಕನ ಜೊತೆಗೆ ಕಳಿಸಿದರೆ ಅವ್ವನಿಗೆ ತೋಟದ ಕೆಲಸಕ್ಕೆ ಅನುಕೂಲ ಅಂತ 1990ರಲ್ಲಿ ಬೇಗ ಸೇರಿಸಿಕೊಂಡೆ. ಐದು ತುಂಬದವನಿಗೆ ಆರು ತುಂಬಿಸಿದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ.

ಆ ಸಾಲು ರಿಜಿಸ್ಟರಿನಿಂದ ಶಾಲೆ ಬಿಟ್ಟ ದಾಖಲೆಗೆ ಹೋಯಿತು. ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ವೋಟರ್ ಕಾರ್ಡಿಗೆ, ಡ್ರೈವಿಂಗ್ ಲೈಸೆನ್ಸಿಗೆ, ಆಧಾರ್‌ಗೆ. ಮೂವತ್ಮೂರು ವರ್ಷ ಕಳೆದು ನನ್ನ ಜಗುಲಿಗೇ ಬಂತು. ಬಂದಾಗ ನಾನು ಅದನ್ನು ಗುರುತಿಸಲಿಲ್ಲ. ಸರ್ಕಾರದ ಕಾರ್ಡಿನಲ್ಲಿ ಅಚ್ಚಾಗಿದೆ ಅಂತ ಅದನ್ನೇ ನಂಬಿ, ಹೆತ್ತ ತಾಯಿ ಹೇಳಿದ್ದನ್ನು ತಿದ್ದಿದೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೂ, ಲೈಸೆನ್ಸಿಗೂ, ಮತದಾರರ ಪಟ್ಟಿಗೂ ಜನನ ಪ್ರಮಾಣ ಪತ್ರವೇ ಆಧಾರ ಅಂತ ಈಗ ಕಾನೂನು ಆಗಿದೆ. ಆ ಮಕ್ಕಳಿಗೆ ಯಾವ ಅಕ್ಕೋರೂ ಜೂನ್ ಒಂದು ಬರೆಯಲಾರರು. ಅದು ಒಳ್ಳೆಯದೇ. ಆದರೆ ಈ ಒಂದೇ ಕಾಗದದ ಮೇಲೆ ಇಷ್ಟೆಲ್ಲ ನಿಲ್ಲುವಾಗ, ಹೆಸರಿನ ಒಂದು ದೀರ್ಘ, ಒಂದು ಒತ್ತಕ್ಷರ ತಪ್ಪಿದರೂ ಮಗು ಜೀವಮಾನ ಇಡೀ ಹೊರಬೇಕಾಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆ ಆಗುವ ಗಡಿಬಿಡಿಯಲ್ಲಿ ಫಾರಂ ತುಂಬುವುದು ಹೆಚ್ಚಾಗಿ ಗಂಡಸರು. ಬರೆದದ್ದನ್ನು ತಾಯಿಗೆ ಒಮ್ಮೆ ಓದಿ ಹೇಳಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಮತ್ತೆ ಅರ್ಜಿ ಕೊಟ್ಟೆವು. ಈ ಸಲ 1985 ಮತ್ತು 1986 ಎರಡೂ ವರ್ಷ ಬರೆದೆ. ಊರಲ್ಲಿ ಕರೆಯುತ್ತಿದ್ದ ಹೆಸರು, ಪಹಣಿಯಲ್ಲಿದ್ದ ಹೆಸರು, ಎರಡನ್ನೂ ಬರೆದೆ. ರೆಕಾರ್ಡ್ ರೂಮಿನಲ್ಲಿ ಈ ಸಲ ಇದ್ದವರು ಸಮಾಧಾನದ ಮನುಷ್ಯರು. "ಬಾಗಿಲ ಹತ್ರ ನಿಂತ್ಕೊಳ್ಳಿ ಅಕ್ಕೋರೆ, ಇಲ್ಲೇ ನೋಡುವಾ" ಅಂದರು. ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ನಮ್ಮ ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಒಂದೊಂದನ್ನೂ ಉಗುರಿನಿಂದ ಬಿಡಿಸಿ, ಊದಿ, ಮಗುಚಿದರು. ಈಗ ತಾಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಭೂ ಸುರಕ್ಷಾ ಅಂತ ಸ್ಕ್ಯಾನ್ ಮಾಡುತ್ತಿದ್ದಾರೆ. ಉತ್ತರ ಕನ್ನಡದ ಮಳೆ ಕಂಡವರಿಗೆ ಅದರ ಅಗತ್ಯ ಯಾರೂ ಹೇಳಬೇಕಾಗಿಲ್ಲ.

1985ರ ಡಿಸೆಂಬರ್. ಮೇಲಿನಿಂದ ಆರನೇ ಸಾಲು. ನೀಲಿ ಶಾಯಿ. ಮಾವನ ಹೆಸರು, ವಯಸ್ಸು, ಊರು, ಜ್ವರ. ಕೊನೆಯಲ್ಲಿ, ತಿಳಿಸಿದವರು ಅನ್ನುವ ಕಡೆ ಮಗನ ಹೆಸರು. ಅಂದರೆ ಇವರ ಗಂಡ. ಅಪ್ಪ ತೀರಿಕೊಂಡ ನಾಲ್ಕನೇ ದಿನ ಶಾನುಭೋಗರ ಮನೆಗೆ ನಡೆದು ಹೋಗಿ ಬರೆಸಿ ಬಂದಿದ್ದರು.

ನಾನು ಓದಿ ಹೇಳಿದೆ. ಇವರು ಸೆರಗು ಬಾಯಿಗೆ ಒತ್ತಿಕೊಂಡರು. "ಹೋಗಿದ್ರು ಅಲ್ವಾ ಅಕ್ಕೋರೆ? ಹೋಗಿ ಬಂದೆ ಅಂತ ಹೇಳಿದ್ರು ನಂಗೆ" ಅಂತ ಮೂರು ಸಲ ಕೇಳಿದರು. ರೆಕಾರ್ಡ್ ರೂಮಿನವರು ಪುಸ್ತಕ ಮುಚ್ಚದೆ ಹಾಗೇ ಹಿಡಿದುಕೊಂಡು ನಿಂತಿದ್ದರು.

ಅದರ ನಂತರದ ಕೆಲಸ ದಾರಿ ಹಿಡಿದು ನಡೆಯಿತು. ವಂಶವೃಕ್ಷ, ನಾದಿನಿಯರ ಒಪ್ಪಿಗೆ, ತಕರಾರು ಇದ್ದರೆ ಹೇಳಿ ಅಂತ ನೋಟೀಸು. ನಡುವೆ ಒಂದು ಸಲ ಫೈಲು ಎಲ್ಲಿ ಕೂತಿದೆ ಅಂತ ಗೊತ್ತಾಗದೆ ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮಗೆ ಉತ್ತರಕ್ಕಿಂತ ಮೊದಲೇ ಫೈಲು ಮುಂದೆ ಹೋಯಿತು. ಹೀಗೆ ಆಗಬಾರದಿತ್ತು ಅಂತ ನನಗೆ ಅನ್ನಿಸುತ್ತದೆ. ಕೇಳಿದವರ ಫೈಲು ಮಾತ್ರ ಕದಲಿದರೆ, ಕೇಳಲು ಬಾರದವರದ್ದು ಏನಾಗಬೇಕು? ಮರುವರ್ಷ ಪಹಣಿಯ ಒಂಬತ್ತನೇ ಕಲಮಿನಲ್ಲಿ ಅವರ ಹೆಸರು ಬಂತು. ಮುಂದೆ ಕೋಂ (ಇಂಥವರ ಹೆಂಡತಿ ಅಂತ), ಅದರ ಮುಂದೆ ಗಂಡನ ಹೆಸರು. ವಿಮೆಯನ್ನೂ ತುಂಬಿದರು.

ಇದೆಲ್ಲ ಊರಲ್ಲಿ ಸುದ್ದಿಯಾಗಿ ಬೇರೆಯವರೂ ಬರತೊಡಗಿದರು. ಹೆಚ್ಚಿನವರು ಅರಣ್ಯ ಹಕ್ಕಿನ ಅರ್ಜಿಯವರು, ಅಂದರೆ ಕಾಡಿನ ಜಾಗದಲ್ಲಿ ಇದ್ದುಕೊಂಡು ಅದರ ಹಕ್ಕು ಕೇಳುವವರು. ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಸಂಕಟ. 2006ರ ಕಾನೂನಿನ ಪ್ರಕಾರ, ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು ಅಲ್ಲಿದ್ದದ್ದು ತೋರಿಸಬೇಕು. ತಲೆಮಾರು ಅಂದರೆ 25 ವರ್ಷ. ಒಟ್ಟು 75. ಅಂದರೆ 1930ರ ಕಡೆಯ ಕಾಗದ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕಾಡಿನಂಚಿನಲ್ಲಿ ಗುಡಿಸಲು ಕಟ್ಟಿಕೊಂಡ ಮುತ್ತಜ್ಜ ಯಾವ ಕಾಗದ ಇಟ್ಟಿರಲು ಸಾಧ್ಯ? ಅರ್ಜಿ ಗ್ರಾಮಸಭೆಯಿಂದ ಉಪವಿಭಾಗಕ್ಕೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಜಿಲ್ಲಾ ಕಚೇರಿ ಕಾರವಾರದಲ್ಲಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಮಾತು ಕೇಳಿ ಬರಲು ಒಂದು ಇಡೀ ದಿನ.

ಈ ಕಾನೂನಿನ ನಿಯಮದಲ್ಲಿ ನನ್ನ ಮನಸ್ಸಿಗೆ ತಾಗಿದ ಒಂದು ಮಾತಿದೆ. ಸರ್ಕಾರಿ ದಾಖಲೆ, ನಕಾಶೆ, ಮನೆ ಮರ ಬಾವಿಯ ಗುರುತುಗಳ ಜೊತೆಗೆ, ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಇಂಥದೇ ಕಾಗದ ಬೇಕು ಅಂತ ಮೇಲಿನ ಸಮಿತಿಗಳು ಹಟ ಹಿಡಿಯಬಾರದು ಅಂತ 2012ರಲ್ಲಿ ಸ್ಪಷ್ಟವಾಗಿ ಸೇರಿಸಿದ್ದಾರೆ. ಜನರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. "ನಮ್ಮಜ್ಜಿ ಹೇಳಿದ್ದನ್ನು ಯಾರು ಕೇಳ್ತಾರೆ?" ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಕೇಳಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆನೋ ಏನೋ. ಈಗ ನಾನೇ ಹಿರಿಯರ ಹತ್ತಿರ ಕೂತು ಬರೆದುಕೊಳ್ಳುತ್ತೇನೆ. ಯಾವ ಬರಗಾಲ, ಯಾವ ಜಾತ್ರೆ, ಯಾವ ಮದುವೆ, ಆಗ ಯಾರು ಶಾನುಭೋಗರು. ತಾರೀಖು ಕೇಳುವುದಿಲ್ಲ. ಅದನ್ನು ಆಮೇಲೆ ಹುಡುಕಬಹುದು.

ಹಳೆಯ ಶಾಲೆಗಳ ದಾಖಲಾತಿ ರಿಜಿಸ್ಟರು ಕೂಡ ಇಂಥವರಿಗೆ ಒದಗಬಹುದು. ನೂರು ವರ್ಷ ದಾಟಿದ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾರದೋ ಅಜ್ಜ ಎರಡು ವರ್ಷ ಶಾಲೆಗೆ ಹೋಗಿದ್ದರೆ ಹೆಸರು, ಅಪ್ಪನ ಹೆಸರು, ಊರು ಅಲ್ಲಿ ಸಿಗುತ್ತದೆ. ಹೋದ ಡಿಸೆಂಬರಿನಲ್ಲಿ ಒಂದು ಮನೆಯವರಿಗಾಗಿ ನನ್ನ ಹಳೆಯ ಶಾಲೆಗೇ ಹೋದೆ. ಊರು ತೋರಿಸಲು ಅಂತ ಇವರೂ ಜೊತೆಗೆ ಬಂದರು. ಈಗಿನ ಅಕ್ಕೋರು ಚಿಕ್ಕ ಪ್ರಾಯದವರು. ಕಪಾಟು ತೆಗೆದು ಹಳೆಯ ರಿಜಿಸ್ಟರುಗಳನ್ನು ಮೇಜಿನ ಮೇಲೆ ಜೋಡಿಸಿದರು.

ನಾವು ಹುಡುಕಿದ ಅಜ್ಜನ ಹೆಸರು ಆ ದಿನ ಸಿಗಲಿಲ್ಲ. ಇನ್ನೂ ಒಂದು ಪುಸ್ತಕ ಕ್ಲಸ್ಟರಿನ ಬೇರೆ ಶಾಲೆಯಲ್ಲಿದೆಯಂತೆ. ಹೋಗಬೇಕು.

ಎದ್ದು ಬರುವ ಮೊದಲು 1990ರ ಪುಸ್ತಕ ಕೇಳಿ ತೆಗೆದೆ. ನನ್ನದೇ ಅಕ್ಷರ. ಆ ವರ್ಷ ಒಂದನೇ ತರಗತಿಗೆ ಸೇರಿದವರು ಇಪ್ಪತ್ತೆರಡು ಮಕ್ಕಳು. ಹದಿನಾರಕ್ಕೆ ಜೂನ್ 1. ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗನ ಸಾಲು ಹುಡುಕಿ ಬೆರಳಿಟ್ಟು ಓದಿದೆ.

"ಇದು ತಪ್ಪು ಬರೆದಿದ್ದೇನೆ ತಂಗಿ" ಅಂದೆ. "ಅವತ್ತು ನಿನ್ನನ್ನು ಕೇಳಬೇಕಿತ್ತು."

ಅವರು ಆ ಸಾಲನ್ನು ಸ್ವಲ್ಪ ಹೊತ್ತು ನೋಡಿದರು. "ನಾ ಅವತ್ತು ನಟ್ಟಿಗೆ ಹೋಗಿದ್ದೆ ಅಕ್ಕೋರೆ" ಅಂದರು. ಆಮೇಲೆ, ಯಾರೋ ಈಗಷ್ಟೇ ಕೇಳಿದಂತೆ, ಹೇಳತೊಡಗಿದರು. "ಪಂಚಮಿ ಮರುದಿನ. ಬೆಳಗಿನ ಜಾವ. ಒಂದು ವಾರದಿಂದ ಹೊಡೀತಿದ್ದ ಮಳೆ ಆಗ ಬಿಟ್ಟಿತ್ತು. ಅತ್ತೆ ಒಲೆ ಹಚ್ಚಿದ್ರು, ಸೌದೆ ಹಸಿ, ಮನೆ ತುಂಬ ಹೊಗೆ."

ನಾನು ಚೀಲದಿಂದ ಪುಸ್ತಕ ತೆಗೆದು ಬರೆದುಕೊಂಡೆ.